ಫಂಗಾರೆಯಲ್ಲಿ ನಿಂತ ಅಮೆರಿಕದ ಹಾಯಿದೋಣಿ: ಮಾರಾಟದ ಒಂದು ಪ್ರಕರಣ ಅಧ್ಯಯನ

ಪನಾಮಾ ಕಾಲುವೆ ದಾಟಿ, ಗಲಪಗೋಸ್, ಮಾರ್ಕೇಸಸ್, ತಾಹಿತಿ, ಟಾಂಗಾಗಳ ಮೂಲಕ ಶಾಂತಸಾಗರವನ್ನು ಹಾದುಬರುವ ಹಾಯಿದೋಣಿಗಳಲ್ಲಿ ಬಹಳಷ್ಟು ಪ್ರತಿವರ್ಷ ನವೆಂಬರ್ ಹೊತ್ತಿಗೆ ನ್ಯೂಜಿಲೆಂಡಿನ ಉತ್ತರ ತೀರವನ್ನು ಸೇರುತ್ತವೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಆ ದ್ವೀಪಗಳಲ್ಲಿ ಚಂಡಮಾರುತದ ಕಾಲವಾದ್ದರಿಂದ ಓಪುವಾ, ಫಂಗಾರೆ ಮುಂತಾದ ಬಂದರುಗಳಲ್ಲಿ ನಿಂತು ದುರಸ್ತಿ ಮಾಡಿಸಿಕೊಂಡು, ಮೇ ತಿಂಗಳಲ್ಲಿ ಮತ್ತೆ ಹೊರಡುವುದು ವಾಡಿಕೆ. ಆದರೆ ಹಾಗೆ ಬಂದವರಲ್ಲಿ ಕೆಲವರ ಯಾನ ಅಲ್ಲಿಗೇ ಮುಗಿಯುತ್ತದೆ. ಆರೋಗ್ಯವೋ, ಹಣವೋ, ಊರಿನಲ್ಲಿರುವ ವಯಸ್ಸಾದ ತಾಯಿತಂದೆಯರೋ ಯಾನಿಗಳನ್ನು ಹಿಂದಕ್ಕೆ ಕರೆಯುತ್ತಾರೆ. ಆಗ ಪರದೇಶದ ಬಾವುಟ ಹೊತ್ತ, ಪರದೇಶದ ವಿದ್ಯುತ್ ವ್ಯವಸ್ಥೆಯಿರುವ, ಸುಂಕ ಕಟ್ಟದ ದೋಣಿಯೊಂದು ಮಾಲೀಕರ ಮನೆಯಿಂದ ಆರೇಳು ಸಾವಿರ ಮೈಲಿ ದೂರದಲ್ಲಿ ಉಳಿದುಬಿಡುತ್ತದೆ, ಅದನ್ನು ಮಾರಲೇಬೇಕಾಗುತ್ತದೆ.

ಇಲ್ಲಿ ವಿವರಿಸುವುದು ಅಂಥ ಒಂದು ದೋಣಿಯ ಮಾರಾಟವನ್ನು. ನಾನು ಆಕ್ಲೆಂಡಿನಲ್ಲಿ ಲೆಕ್ಕಪತ್ರದ ವೃತ್ತಿಯಲ್ಲಿರುವವನು. ತೆರಿಗೆಯ ಒಂದು ಪ್ರಶ್ನೆ ಹಿಡಿದುಕೊಂಡು ಬಂದ ಅಮೆರಿಕದ ದಂಪತಿಯ ಜೊತೆ ಮಾರಾಟ ಮುಗಿಯುವವರೆಗೂ ಇದ್ದೆ. ಅವರ ಗುರುತು ಸಿಗಬಾರದೆಂದು ಹೆಸರುಗಳನ್ನು ಬಿಟ್ಟಿದ್ದೇನೆ ಮತ್ತು ಮೊತ್ತಗಳನ್ನು ದುಂಡಾಗಿಸಿದ್ದೇನೆ. ಎಲ್ಲ ಮೊತ್ತಗಳೂ ಅಮೆರಿಕನ್ ಡಾಲರಿನಲ್ಲಿವೆ. ಅನಿವಾಸಿ ಕನ್ನಡಿಗರಲ್ಲೂ ಈಚೆಗೆ ದೋಣಿ ಕೊಂಡು ದೂರ ಹೊರಡುವವರು ಅಲ್ಲೊಬ್ಬರು ಇಲ್ಲೊಬ್ಬರು ಕಾಣಿಸುತ್ತಿರುವುದರಿಂದ, ಕೊಳ್ಳುವಾಗ ಯಾರೂ ಹೇಳದ ಈ ಭಾಗ ಕನ್ನಡದಲ್ಲಿಯೂ ದಾಖಲಾಗಬೇಕೆಂಬುದು ನನ್ನ ಆಸೆ.

ದೋಣಿ ಮತ್ತು ಅದರ ಮಾಲೀಕರು

ದೋಣಿ 1998ರಲ್ಲಿ ಫ್ಲೋರಿಡಾದಲ್ಲಿ ಕಟ್ಟಿದ್ದು. ಉದ್ದ 40 ಅಡಿ, ಫೈಬರ್‌ಗ್ಲಾಸ್ ಒಡಲು, ಕೂವೆಯ, ಅಂದರೆ ಹಾಯಿ ಕಟ್ಟುವ ಕಂಬದ, ಮುಂದೆ ಎರಡು ಹಾಯಿಗಳಿರುವ ಕಟರ್ ಮಾದರಿ. ವೇಗಕ್ಕಿಂತ ಭದ್ರತೆಗೆ ಹೆಸರಾದ, ಭಾರವಾದ ರಚನೆ. ಗಾಳಿಯ ದಿಕ್ಕನ್ನು ಹಿಡಿದು ತಾನೇ ಚುಕ್ಕಾಣಿ ತಿರುಗಿಸುವ ವಿಂಡ್‌ವೇನ್, ಸಮುದ್ರದ ನೀರನ್ನು ಸಿಹಿಯಾಗಿಸುವ ವಾಟರ್‌ಮೇಕರ್, ಸೌರ ಫಲಕಗಳು, ದೂರಸಂಪರ್ಕದ ರೇಡಿಯೊ, ಜೀವರಕ್ಷಕ ತೆಪ್ಪ ಎಲ್ಲವೂ ಇದ್ದವು. ಕೊರತೆಗಳೂ ಇದ್ದವು. ಕೂವೆಯನ್ನು ಹಿಡಿದು ನಿಲ್ಲಿಸುವ ಉಕ್ಕಿನ ತಂತಿಗಳಿಗೆ, ಅಂದರೆ ರಿಗ್ಗಿಂಗಿಗೆ, 14 ವರ್ಷವಾಗಿತ್ತು. ದೋಣಿಯ ವಿದ್ಯುತ್ ವ್ಯವಸ್ಥೆ ಅಮೆರಿಕದ 110 ವೋಲ್ಟಿನದು, ನ್ಯೂಜಿಲೆಂಡಿನ ಮರೀನಾದ, ಅಂದರೆ ದೋಣಿ ನಿಲ್ಲಿಸುವ ತಂಗುದಾಣದ, ಕಂಬದಲ್ಲಿ ಸಿಗುವುದು 230 ವೋಲ್ಟ್.

ಸಾಂಕ್ರಾಮಿಕದ ಕಾರಣ 2020ರ ಮಾರ್ಚಿನಲ್ಲಿ ಮುಚ್ಚಿದ್ದ ನ್ಯೂಜಿಲೆಂಡಿನ ಗಡಿ ವಿದೇಶಿ ದೋಣಿಗಳಿಗೆ ಪೂರ್ತಿಯಾಗಿ ತೆರೆದದ್ದು 2022ರ ಜುಲೈ 31ರಂದು. ಅದೇ ವರ್ಷದ ನವೆಂಬರಿನಲ್ಲಿ ಈ ದಂಪತಿ ಬಂದರು. ಭೇಟಿಗೆ ಬರುವ ದೋಣಿಗೆ ಇಲ್ಲಿನ ಕಸ್ಟಮ್ಸ್ ತಾತ್ಕಾಲಿಕ ಆಮದು ಪರವಾನಗಿ ಕೊಡುತ್ತದೆ. ಅದರ ಗರಿಷ್ಠ ಅವಧಿ 24 ತಿಂಗಳು, ಅಷ್ಟರೊಳಗೆ ದೋಣಿ ದೇಶ ಬಿಡಬೇಕು, ಇಲ್ಲವೇ ಆಮದಾದ ವಸ್ತುವೆಂದು ಪರಿಗಣಿತವಾಗಿ ಅದರ ಮೌಲ್ಯದ ಮೇಲೆ ಶೇಕಡಾ 15ರಷ್ಟು ಜಿಎಸ್‌ಟಿ ಕಟ್ಟಬೇಕು. ಅಂದರೆ ಇವರಿಗೆ 2024ರ ನವೆಂಬರ್ ಕೊನೆಯ ಗಡುವು. ಬಂದ ಕೆಲವೇ ವಾರಗಳಲ್ಲಿ ಪತ್ನಿಯ ತಾಯಿಗೆ ಕಾಯಿಲೆಯಾಗಿ ಅವರು ಅಮೆರಿಕಕ್ಕೆ ಹೋಗಿಬರಬೇಕಾಯಿತು, ಪತಿಗೆ ಹೃದಯದ ತೊಂದರೆಯಿದೆಯೆಂದು ತಿಳಿಯಿತು. ಮುಂದಿನ ಸಾಗರಯಾನ ಸಾಧ್ಯವಿಲ್ಲವೆಂಬುದು 2023ರ ಜನವರಿಗೆ ಖಚಿತವಾಗಿತ್ತು.

ಮೊದಲ ವರ್ಷದಲ್ಲಿ ಆದದ್ದು

ಅಮೆರಿಕದ ಮಾರಾಟ ಜಾಲತಾಣಗಳಲ್ಲಿ ತಮ್ಮ ದೋಣಿಯಂಥವು 1,20,000 ಡಾಲರಿನ ಆಸುಪಾಸಿನಲ್ಲಿ ನಿಂತಿದ್ದನ್ನು ನೋಡಿದ ಪತಿ, ದೂರದ ಯಾನಕ್ಕೆ ಹಾಕಿದ ಸಲಕರಣೆಗಳ ಖರ್ಚನ್ನೂ ಕೂಡಿಸಿ, 1,25,000 ಎಂದು ಬೆಲೆ ನಿಗದಿ ಮಾಡಿ ಸ್ಥಳೀಯ ದಲ್ಲಾಳಿಯೊಬ್ಬರಿಗೆ ಒಪ್ಪಿಸಿದರು. ಜಾಹೀರಾತಿನಲ್ಲಿ ತೆರಿಗೆಯ ವಿಷಯ ಬರೆದಿರಲಿಲ್ಲ. ಕೇಳಿದವರೆಲ್ಲರ ಮೊದಲ ಪ್ರಶ್ನೆ ‘ಇದರಲ್ಲಿ ಜಿಎಸ್‌ಟಿ ಸೇರಿದೆಯೇ’ ಎಂಬುದಾಗಿತ್ತು, ಸೇರಿಲ್ಲವೆಂದು ತಿಳಿದ ಮೇಲೆ ಮಾತು ಮುಂದುವರಿಯುತ್ತಿರಲಿಲ್ಲ. ಫೆಬ್ರವರಿಯಲ್ಲಿ ಗೇಬ್ರಿಯೆಲ್ ಚಂಡಮಾರುತ ಬಂದು ಇಡೀ ಉತ್ತರ ದ್ವೀಪದ ಜನ ಅದರ ಚಿಂತೆಯಲ್ಲೇ ಮುಳುಗಿದರು, ದೋಣಿ ಕೊಳ್ಳುವ ಯೋಚನೆ ಆಗ ಯಾರಿಗೂ ಇರಲಿಲ್ಲ. ಚಳಿಗಾಲದಲ್ಲಿ ಒಬ್ಬ ಸ್ಥಳೀಯರು ಬಂದು, ಒಳಹೊರಗೆ ನೋಡಿ, ತೆರಿಗೆ ಸೇರಿ 84,000 ಕೊಡುವುದಾಗಿ ಹೇಳಿದರು. ಪತಿ ಅದನ್ನು ಅವಮಾನವೆಂದು ತಿಳಿದು ಉತ್ತರವನ್ನೇ ಕೊಡಲಿಲ್ಲ.

ಆ ಕೊಡುಗೆಯನ್ನು ಬಿಡಿಸಿ ನೋಡಿದರೆ ಅದರ ನಿಜವಾದ ಅರ್ಥ ತಿಳಿಯುತ್ತದೆ. 84,000ದಲ್ಲಿ ಜಿಎಸ್‌ಟಿಯ ಪಾಲು 10,957. ಶೇಕಡಾ 8ರಂತೆ ದಲ್ಲಾಳಿಯ ಪಾಲು 6,720. ಮಾಲೀಕರ ಕೈಗೆ ಬರುವುದು ಸುಮಾರು 66,300. ಅವರ ಮನಸ್ಸಿನಲ್ಲಿದ್ದ ಅಂಕಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಆದರೆ ಕೊಳ್ಳಬಂದವರು ದುರಾಸೆಯವರಾಗಿರಲಿಲ್ಲ. ಅವರು ಬೇ ಆಫ್ ಐಲೆಂಡ್ಸ್‌ನ ಕೊಲ್ಲಿಗಳಲ್ಲಿ ವಾರಾಂತ್ಯ ಕಳೆಯಲು ದೋಣಿ ಹುಡುಕುತ್ತಿದ್ದರು. ಅವರಿಗೆ ವಿಂಡ್‌ವೇನ್ ಅಡ್ಡ ಬರುವ ಕಬ್ಬಿಣ, ವಾಟರ್‌ಮೇಕರ್ ನಿಗಾ ಬೇಡುವ ಯಂತ್ರ. ಮರೀನಾದ ವಿದ್ಯುತ್ತಿಗೆ ಜೋಡಿಸಬೇಕಾದರೆ ಇಲ್ಲಿನ ನಿಯಮದಂತೆ ದೋಣಿಗೆ ವಿದ್ಯುತ್ ಸುರಕ್ಷತೆಯ ಪ್ರಮಾಣಪತ್ರ ಬೇಕು, 110 ವೋಲ್ಟಿನ ಚಾರ್ಜರು, ಹೀಟರು, ವೈರಿಂಗನ್ನು ಬದಲಿಸದೆ ಅದು ಸಿಗುವುದು ಸುಲಭವಲ್ಲ. ಈ ಎಲ್ಲವನ್ನೂ ತಾವೇ ಸರಿಪಡಿಸಿಕೊಳ್ಳಬೇಕೆಂದು ಲೆಕ್ಕ ಹಾಕಿಯೇ ಅವರು 84,000 ಎಂದಿದ್ದರು, ಆ ಲೆಕ್ಕ ನ್ಯಾಯವಾಗಿಯೇ ಇತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ದಂಪತಿ ನನ್ನಲ್ಲಿಗೆ ಬಂದದ್ದು 2023ರ ನವೆಂಬರಿನಲ್ಲಿ. ಆ ವೇಳೆಗೆ ಮರೀನಾ ಬಾಡಿಗೆ, ವಿಮೆ, ವರ್ಷಕ್ಕೊಮ್ಮೆ ದೋಣಿಯನ್ನು ಮೇಲೆತ್ತಿ ತಳಕ್ಕೆ ಬಣ್ಣ ಬಳಿಸುವ ಖರ್ಚು ಎಲ್ಲ ಸೇರಿ ತಿಂಗಳಿಗೆ ಹತ್ತಿರ ಹತ್ತಿರ 1,000 ಡಾಲರ್ ಖರ್ಚಾಗುತ್ತಿತ್ತು. ತೆರಿಗೆಯ ಪ್ರಶ್ನೆಯ ಹಿಂದೆ ಇದ್ದ ಅವರ ಮುಖ್ಯ ಪ್ರಶ್ನೆ ‘ಎಲ್ಲಿ ಹೆಚ್ಚು ಬೆಲೆ ಸಿಗುತ್ತದೆ’ ಎಂಬುದಾಗಿತ್ತು. ಆ ಪ್ರಶ್ನೆಯನ್ನು ಎರಡಾಗಿ ಒಡೆದು ಕೇಳಿಕೊಳ್ಳೋಣವೆಂದು ನಾನು ಸೂಚಿಸಿದೆ. ಪ್ರತಿಯೊಂದು ಜಾಗದಲ್ಲಿ ಈ ದೋಣಿಯನ್ನು ಕೊಳ್ಳುವವರು ಯಾರು, ಕೊಂಡ ಮೇಲೆ ಅವರು ಇನ್ನೆಷ್ಟು ಖರ್ಚು ಮಾಡಬೇಕಾಗುತ್ತದೆ ಎಂಬುದು ಮೊದಲನೆಯದು. ದೋಣಿಯನ್ನು ಆ ಜಾಗಕ್ಕೆ ಒಯ್ಯುವ ಖರ್ಚು, ತೆರಿಗೆ, ದಲ್ಲಾಳಿ, ಕಾಯುವ ತಿಂಗಳುಗಳನ್ನೆಲ್ಲ ಕಳೆದ ಮೇಲೆ ಇವರ ಕೈಯಲ್ಲಿ ಉಳಿಯುವುದೆಷ್ಟು ಎಂಬುದು ಎರಡನೆಯದು.

ಮುಂದಿದ್ದ ದಾರಿಗಳು

ಯುರೋಪನ್ನು ಮೊದಲೇ ಕೈಬಿಟ್ಟೆವು. 1998ರ ಜೂನ್ 16ರ ನಂತರ ಅಲ್ಲಿನ ಮಾರುಕಟ್ಟೆಗೆ ಬರುವ ದೋಣಿಗೆ ಅಲ್ಲಿನ ಸುರಕ್ಷತಾ ಮಾನದಂಡಕ್ಕೆ ಒಪ್ಪುತ್ತದೆಂದು ಸೂಚಿಸುವ ಸಿಇ ಗುರುತು ಕಡ್ಡಾಯ. ಇದಕ್ಕೆ ಅದಿರಲಿಲ್ಲ. ಅದರ ಮೇಲೆ ದೇಶದಿಂದ ದೇಶಕ್ಕೆ ಬದಲಾಗುವ ವ್ಯಾಟ್ ಬೇರೆ: ಫ್ರಾನ್ಸಿನಲ್ಲಿ ಶೇಕಡಾ 20, ಗ್ರೀಸಿನಲ್ಲಿ 24.

ಪತಿಯ ಮನಸ್ಸು ಬಹಳ ದಿನ ಅಮೆರಿಕದ ಕಡೆಗೇ ಇತ್ತು. ಅಲ್ಲಿನ ದಲ್ಲಾಳಿಯೊಬ್ಬರನ್ನು ಕೇಳಿದಾಗ, ಇಂಥ ದೋಣಿಗಳಿಗೆ ಜಾಹೀರಾತಿನಲ್ಲಿ 1,20,000 ಎಂದಿದ್ದರೂ ವ್ಯವಹಾರ ಮುಗಿಯುವುದು 1,05,000ದ ಹತ್ತಿರವೆಂದು ತಿಳಿಯಿತು. ಅಲ್ಲಿ ರೂಢಿಯಲ್ಲಿರುವ ಶೇಕಡಾ 10ರ ದಲ್ಲಾಳಿ ಕಳೆದರೆ 94,500. ಆದರೆ ದೋಣಿ ಅಲ್ಲಿಗೆ ಹೋಗಬೇಕು. ಹಡಗಿನ ಮೇಲೆ ಹೇರಿ ಕಳಿಸಲು, ಕೂವೆ ಬಿಚ್ಚುವುದರಿಂದ ಹಿಡಿದು ದೋಣಿಯನ್ನು ಕೂರಿಸುವ ತೊಟ್ಟಿಲು ಕಟ್ಟಿಸುವುದು, ವಿಮೆ, ಇಳಿಸುವುದು ಎಲ್ಲ ಸೇರಿ ಬಂದ ಅಂದಾಜು 40,000. ಬಾಡಿಗೆಯ ನಾವಿಕರಿಂದ ನಡೆಸಿಕೊಂಡು ಹೋಗುವುದಾದರೆ ಮೊದಲು ರಿಗ್ಗಿಂಗ್ ಬದಲಿಸಬೇಕು, ದಕ್ಷಿಣದ ಪಡುವಣ ಗಾಳಿಯಲ್ಲಿ ಮೂಡಣಕ್ಕೆ ಸಾಗಿ ತಾಹಿತಿಯ ಕಡೆ ಏರಿ, ಹವಾಯಿ ದಾಟಿ, ಉತ್ತರ ಶಾಂತಸಾಗರದ ಅಧಿಕ ಒತ್ತಡದ ವಲಯವನ್ನು ಸುತ್ತುವರಿದು ತೀರ ಸೇರಬೇಕು. ಬಂದ ದಾರಿಯಲ್ಲಿ ಬೆನ್ನಿಗಿದ್ದ ಗಾಳಿ ಹೋಗುವಾಗ ಎದುರಿಗಿರುತ್ತದೆ. ಅದರ ಖರ್ಚು 36,000 ಎಂದು ಎಣಿಸಿದೆವು, ದೋಣಿಯ ಸವೆತ ಬೇರೆ. ಯಾವ ದಾರಿ ಹಿಡಿದರೂ ಕೈಗೆ ಉಳಿಯುವುದು 60,000ಕ್ಕಿಂತ ಕಡಿಮೆ. ಅವರು ಅವಮಾನವೆಂದು ತಳ್ಳಿದ್ದ ಸ್ಥಳೀಯ ಕೊಡುಗೆಗಿಂತಲೂ ಕಡಿಮೆ. ಈ ಲೆಕ್ಕವನ್ನು ಕಾಗದದ ಮೇಲೆ ನೋಡಿದಾಗ ಪತಿ ಬಹಳ ಹೊತ್ತು ಮಾತಾಡಲಿಲ್ಲ.

ಮಲೇಷ್ಯಾದ ಲಂಕಾವಿಯ ಹೆಸರು ಇಂಥ ಮಾತುಕತೆಯಲ್ಲಿ ಬಂದೇ ಬರುತ್ತದೆ. 1987ರಿಂದ ಸುಂಕರಹಿತ ದ್ವೀಪವಾಗಿರುವ ಅಲ್ಲಿ ವಿದೇಶಿ ದೋಣಿಗಳು ವಿದೇಶಿಯರ ನಡುವೆ ಕೈ ಬದಲಾಗುವುದು ಸಾಮಾನ್ಯ. ಏಷ್ಯಾದಲ್ಲಿ ಈಗಾಗಲೇ ಇರುವ ದೋಣಿಗೆ ಅದು ಒಳ್ಳೆಯ ಜಾಗವೇ. ಆದರೆ ಫಂಗಾರೆಯಿಂದ ಟಾರೆಸ್ ಜಲಸಂಧಿಯ ಮೂಲಕ ಅದು ಐದು ಸಾವಿರ ಮೈಲಿಗೂ ಹೆಚ್ಚು. ಅಲ್ಲಿಗೆ ಬರುವ ಗಿರಾಕಿ ಅಗ್ಗವನ್ನು ಹುಡುಕಿಕೊಂಡೇ ಬರುತ್ತಾನೆ. ಮಾಲೀಕರು ದೂರವಿದ್ದು ದೋಣಿ ಆ ಬಿಸಿಲು ಮತ್ತು ತೇವದಲ್ಲಿ ಮುಚ್ಚಿಕೊಂಡು ನಿಂತರೆ ಒಳಗಿನ ಮರ, ಬಟ್ಟೆ, ವಿದ್ಯುತ್ ಸಲಕರಣೆಗಳು ಬೇಗ ಕೆಡುತ್ತವೆ.

ನಿಜವಾದ ಪೈಪೋಟಿ ಕೊಟ್ಟದ್ದು ಆಸ್ಟ್ರೇಲಿಯಾ. ಮಾರುಕಟ್ಟೆ ದೊಡ್ಡದು, ಬೆಲೆಯೂ ನ್ಯೂಜಿಲೆಂಡಿಗಿಂತ ಮೇಲು. ಆಮದಿನ ಮೇಲೆ ಅಲ್ಲಿ ಸಾಮಾನ್ಯವಾಗಿ ಶೇಕಡಾ 5ರಷ್ಟು ಸುಂಕ, ಆ ಸುಂಕವನ್ನೂ ಸೇರಿಸಿದ ಮೌಲ್ಯದ ಮೇಲೆ ಶೇಕಡಾ 10ರ ಜಿಎಸ್‌ಟಿ, ಒಟ್ಟಿನಲ್ಲಿ 15.5. ಆದರೆ 2005ರ ಜನವರಿಯಿಂದ ಜಾರಿಯಲ್ಲಿರುವ ಅಮೆರಿಕ–ಆಸ್ಟ್ರೇಲಿಯಾ ಮುಕ್ತ ವ್ಯಾಪಾರ ಒಪ್ಪಂದದಂತೆ ಅಮೆರಿಕದಲ್ಲಿ ತಯಾರಾದದ್ದೆಂದು ದಾಖಲೆ ಸಮೇತ ತೋರಿಸಿದರೆ ಆ 5 ಇಲ್ಲವಾಗುತ್ತದೆ. ತೆರಿಗೆ ಸೇರಿ 1,05,000ಕ್ಕೆ ಮಾರಿದರೆ ಸುಂಕವಿಲ್ಲದಾಗ ಮೂಲ ಬೆಲೆ 95,455, ಸುಂಕವಿದ್ದರೆ 90,909. ದೋಣಿ ಕಟ್ಟಿದವರು ಕೊಟ್ಟ ಹಳೆಯ ಪ್ರಮಾಣಪತ್ರ ಒಂದು ಕಡತದಲ್ಲಿ ಉಳಿದಿದೆಯೋ ಇಲ್ಲವೋ ಎಂಬುದರ ಮೇಲೆ ನಾಲ್ಕೂವರೆ ಸಾವಿರ ಡಾಲರ್ ನಿಂತಿರುತ್ತದೆ. ಇವರಲ್ಲಿ ಅದು ಭದ್ರವಾಗಿತ್ತು. ದಲ್ಲಾಳಿ ಕಳೆದು 87,000 ಉಳಿಯುವಂತೆ ಕಂಡಿತು. ಆದರೆ ಸುಮಾರು 1,200 ಮೈಲಿಯ ಟಾಸ್ಮನ್ ಸಮುದ್ರವನ್ನು ದಾಟಲು ವಿಮಾ ಕಂಪನಿ ಹಳೆಯ ರಿಗ್ಗಿಂಗಿಗೆ ಒಪ್ಪುತ್ತಿರಲಿಲ್ಲ, ಅದಕ್ಕೆ 8,000. ಆಸ್ಟ್ರೇಲಿಯಾದ ಜೈವಿಕ ಸುರಕ್ಷತಾ ತಪಾಸಣೆ, ನಾವಿಕರ ನೆರವು, ಅಲ್ಲಿನ ಮರೀನಾದಲ್ಲಿ ಆರು ತಿಂಗಳ ಕಾಯುವಿಕೆಗೆ 7,000. ಉಳಿದದ್ದು 72,000. ಜೊತೆಗೆ, ವೈದ್ಯರು ಬೇಡವೆಂದ ಪ್ರಯಾಣಕ್ಕೆ ಪತಿ ಹೊರಡಬೇಕಾಗುತ್ತಿತ್ತು. ಪತ್ನಿ ಅದಕ್ಕೆ ಒಪ್ಪಲಿಲ್ಲ, ನನ್ನ ದೃಷ್ಟಿಯಲ್ಲಿ ಆ ಒಂದು ಮಾತೇ ಸಾಕಾಗಿತ್ತು.

ಫಂಗಾರೆಯಲ್ಲೇ, ಸ್ಥಳೀಯರಿಗೇ, ಸರಿಯಾದ ಬೆಲೆ ಬರೆದು ಮಾರಿದರೆ? ತೆರಿಗೆ ಸೇರಿ 92,000 ಬರಬಹುದೆಂದು ಇಬ್ಬರು ದಲ್ಲಾಳಿಗಳು ಹೇಳಿದರು. ಮೂಲ ಬೆಲೆ 80,000, ಜಿಎಸ್‌ಟಿ 12,000, ದಲ್ಲಾಳಿ 7,360, ಉಳಿಕೆ 72,640. ಆಸ್ಟ್ರೇಲಿಯಾಕ್ಕೆ ಹೋಗಿ ಗಳಿಸುವುದನ್ನು ಇಲ್ಲಿ ಕುಳಿತೇ ಗಳಿಸಿದಂತೆ.

ಕೊನೆಯ ದಾರಿಯನ್ನು ಸೂಚಿಸಿದ್ದು ಪತ್ನಿ. ಯಾನ ಆರಂಭಿಸುವ ಮುನ್ನ ತಾವೇ ಯಾವ ದೋಣಿಯನ್ನು ಕನಸಿನಲ್ಲಿ ಕಂಡಿದ್ದೆವೋ ಆ ದೋಣಿಯೇ ಇದು, ಅಂಥ ಕನಸಿರುವವರನ್ನು ನಾವೇಕೆ ಹುಡುಕುತ್ತಿಲ್ಲ ಎಂದು ಅವರು ಕೇಳಿದರು. ಅಮೆರಿಕದಲ್ಲಿದ್ದು, ಫಿಜಿ, ಟಾಂಗಾ, ವನುವಾಟುಗಳಲ್ಲಿ ಒಂದೆರಡು ಋತು ಕಳೆಯಬೇಕೆಂದಿರುವ ದಂಪತಿಗೆ ಎರಡು ಹಾದಿಗಳಿವೆ. ತಮ್ಮೂರಲ್ಲಿ ದೋಣಿ ಕೊಂಡು, ವರ್ಷವಿಡೀ ಸಜ್ಜುಗೊಳಿಸಿ, ಇಡೀ ಶಾಂತಸಾಗರ ದಾಟಿ ಅಲ್ಲಿಗೆ ತಲುಪುವುದು ಒಂದು. ವಿಮಾನ ಹತ್ತಿ ಬಂದು, ಸಜ್ಜಾಗಿ ನಿಂತ ದೋಣಿಯನ್ನು ಕೊಂಡು ಮೇ ತಿಂಗಳಲ್ಲೇ ಹೊರಡುವುದು ಇನ್ನೊಂದು. ಅವರಿಗೆ 110 ವೋಲ್ಟ್ ಮನೆಯ ವ್ಯವಸ್ಥೆ. ಬಾವುಟ, ಅಂದರೆ ನೋಂದಣಿಯ ದೇಶ, ಬದಲಿಸಬೇಕಿಲ್ಲ. ವಿಂಡ್‌ವೇನ್, ವಾಟರ್‌ಮೇಕರ್‌ಗಳಿಗೆ ಅವರು ಸಂತೋಷದಿಂದ ಹಣ ಕೊಡುತ್ತಾರೆ. ಅನಿವಾಸಿಯಾದ್ದರಿಂದ ಕಸ್ಟಮ್ಸ್‌ಗೆ ಮೊದಲೇ ತಿಳಿಸಿ, ತಮ್ಮ ಹೆಸರಿಗೆ ತಾತ್ಕಾಲಿಕ ಪರವಾನಗಿ ಪಡೆದು ಗಡುವಿನೊಳಗೆ ದೋಣಿಯನ್ನು ಹೊರಗೊಯ್ದರೆ ಜಿಎಸ್‌ಟಿಯ ಹೊರೆ ಬೀಳುವುದಿಲ್ಲ. ಸ್ಥಳೀಯ ಗಿರಾಕಿ ಬೆಲೆ ಇಳಿಸಲು ಹೇಳುತ್ತಿದ್ದ ಕಾರಣಗಳು ಈ ಗಿರಾಕಿಗೆ ಕೊಳ್ಳುವ ಕಾರಣಗಳಾಗುತ್ತವೆ. 90,000ಕ್ಕೆ ಮಾರಿದರೂ ದಲ್ಲಾಳಿ ಕಳೆದು 82,800 ಉಳಿಯುತ್ತದೆ.

ಇದರ ತೊಡಕು ಒಂದೇ: ಇಂಥವರು ಸಂಖ್ಯೆಯಲ್ಲಿ ಕಡಿಮೆ, ಅವರು ನಿರ್ಧಾರ ಮಾಡುವ ಕಾಲವೂ ಚಿಕ್ಕದು. ಮೇ ತಿಂಗಳಲ್ಲಿ ಹೊರಡಬೇಕಾದವರು ಫೆಬ್ರವರಿ, ಮಾರ್ಚ್‌ಗಳಲ್ಲಿ ಕೊಂಡಿರಬೇಕು. ಆದ್ದರಿಂದ ಡಿಸೆಂಬರಿನಿಂದ ಮಾರ್ಚ್ ಕೊನೆಯವರೆಗೆ ವಿದೇಶಿ ಗಿರಾಕಿಯನ್ನು ಗುರಿಯಾಗಿಟ್ಟುಕೊಳ್ಳುವುದು, ಏಪ್ರಿಲ್ ಒಂದರಂದು ಒಪ್ಪಂದವಾಗಿರದಿದ್ದರೆ ತೆರಿಗೆ ಸೇರಿ 92,000 ಎಂದು ಬರೆದು ಸ್ಥಳೀಯರಿಗೆ ತೆರೆಯುವುದು, ನವೆಂಬರಿನ ಗಡುವಿಗೆ ಮುಂಚೆ ಹೇಗಾದರೂ ಮುಗಿಸುವುದು ಎಂದು ತೀರ್ಮಾನವಾಯಿತು. ದಿನಾಂಕಗಳನ್ನು ಮೊದಲೇ ಬರೆದಿಟ್ಟಿದ್ದರಿಂದ ಮುಂದೆ ಪ್ರತಿ ವಾರ ಮನಸ್ಸು ಹೊಯ್ದಾಡುವುದು ತಪ್ಪಿತು.

ಜಾಹೀರಾತು, ದಲ್ಲಾಳಿ ಮತ್ತು ಸಿದ್ಧತೆ

ದಲ್ಲಾಳಿಯಿಲ್ಲದೆ ತಾವೇ ಮಾರಿ ಆ ಏಳು ಸಾವಿರ ಉಳಿಸಬಹುದಲ್ಲವೇ ಎಂಬ ಯೋಚನೆ ಬಂತು. ಮಾಲೀಕರು ದೋಣಿಯಲ್ಲೇ ವಾಸವಿದ್ದು ಗಿರಾಕಿಯೂ ಅದೇ ಊರಿನವನಾಗಿದ್ದರೆ ನಾನು ಹೌದೆನ್ನುತ್ತಿದ್ದೆ. ಆದರೆ ಒಬ್ಬರನ್ನೊಬ್ಬರು ಕಾಣದ ಎರಡು ಕಡೆಯವರು, ಸಾಗರದಾಚೆಯಿಂದ ಬರುವ ಹಣ, ಎರಡು ದೇಶಗಳ ಕಾಗದಪತ್ರ ಇರುವಲ್ಲಿ, ಮುಂಗಡವನ್ನು ತನ್ನ ಟ್ರಸ್ಟ್ ಖಾತೆಯಲ್ಲಿಟ್ಟು ಷರತ್ತು ಪೂರೈಸಿದ ಮೇಲೆಯೇ ಬಿಡುಗಡೆ ಮಾಡುವ ಮೂರನೆಯವರು ಬೇಕೇ ಬೇಕು. ಹಳೆಯ ದಲ್ಲಾಳಿಯ ಕರಾರು ಮುಗಿದಿತ್ತು. ಹೊಸಬರನ್ನು ಆಯುವಾಗ ಕೇಳಿದ ಮುಖ್ಯ ಪ್ರಶ್ನೆ, ಅಮೆರಿಕದ ದಲ್ಲಾಳಿ ಗಿರಾಕಿಯನ್ನು ತಂದರೆ ದಲ್ಲಾಳಿ ಹಣವನ್ನು ಹಂಚಿಕೊಳ್ಳಲು ಸಿದ್ಧರಿದ್ದೀರಾ ಎಂಬುದು. ಇಬ್ಬರು ಒಪ್ಪಲಿಲ್ಲ, ಮೂರನೆಯವರು ಒಪ್ಪಿದರು. ದೋಣಿಯನ್ನು ನ್ಯೂಜಿಲೆಂಡಿನ ಮಾರಾಟ ಜಾಲತಾಣ ಟ್ರೇಡ್ ಮಿಯಲ್ಲಿ ಹಾಕುವ ಬದಲು ದೋಣಿಗಳದೇ ಅಂತರರಾಷ್ಟ್ರೀಯ ಜಾಲತಾಣವಾದ ಯಾಟ್‌ವರ್ಲ್ಡ್‌ನಲ್ಲಿ 98,000 ಎಂದು ಹಾಕಿದರು. ಮೊದಲ ಸಾಲಿನಲ್ಲೇ ಅಮೆರಿಕದಲ್ಲಿ ತಯಾರಾದದ್ದು, ಅಮೆರಿಕದ ನೋಂದಣಿ, ನ್ಯೂಜಿಲೆಂಡಿನ ಜಿಎಸ್‌ಟಿ ಕಟ್ಟಿಲ್ಲ, ಮೇ ತಿಂಗಳಲ್ಲಿ ಫಿಜಿಗೆ ಹೊರಡಲು ಸಿದ್ಧ ಎಂಬ ನಾಲ್ಕು ಸಂಗತಿಗಳಿದ್ದವು.

ರಿಗ್ಗಿಂಗನ್ನು ಬದಲಿಸಿಯೇ ಮಾರಬೇಕೇ ಎಂಬುದು ದೊಡ್ಡ ಚರ್ಚೆಯಾಯಿತು. ಹೊಸ ರಿಗ್ಗಿಂಗಿಗೆ ಖರ್ಚು ಮಾಡಿದ ಹಣ ಬೆಲೆಯಲ್ಲಿ ಪೂರ್ತಿಯಾಗಿ ವಾಪಸು ಬರುವುದಿಲ್ಲ. ಹಾಗೆಂದು ಸುಮ್ಮನಿದ್ದರೆ ತಪಾಸಣೆಯ ದಿನ ಗಿರಾಕಿ ಅದನ್ನು ಹದಿನೈದು ಸಾವಿರದ ಕೆಲಸವೆಂದು ಊಹಿಸಿಕೊಂಡು ಬೆಲೆ ಇಳಿಸುತ್ತಾನೆ. ದಂಪತಿ ನಡುವಿನ ದಾರಿ ಹಿಡಿದರು. ಸ್ಥಳೀಯ ರಿಗ್ಗರ್ ಒಬ್ಬರಿಂದ ಪ್ರತಿ ತಂತಿ, ಪ್ರತಿ ಜೋಡಣೆಯ ಅಳತೆ ತೆಗೆಸಿ, 8,000 ಡಾಲರಿನ ಲಿಖಿತ ಅಂದಾಜು ಪಡೆದು, ಅದನ್ನು ಜಾಹೀರಾತಿನ ಜೊತೆಗೇ ಇಟ್ಟು, ಕೇಳಿರುವ ಬೆಲೆ ಇದನ್ನು ಗಣನೆಗೆ ತೆಗೆದುಕೊಂಡೇ ನಿಗದಿಯಾದದ್ದು ಎಂದು ಬರೆದರು. ಈ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ನಡೆ ಇದು. ಕೊರತೆಗೆ ಒಂದು ನಿಶ್ಚಿತ ಅಂಕಿ ಸಿಕ್ಕಿದ ಮೇಲೆ ಊಹೆಗೆ ಜಾಗ ಇರಲಿಲ್ಲ, ಮಾಲೀಕರ ಪ್ರಾಮಾಣಿಕತೆಯ ಬಗ್ಗೆಯೂ ದೂರದ ಗಿರಾಕಿಗೆ ಮೊದಲ ದಿನವೇ ನಂಬಿಕೆ ಬಂತು.

ಅನಿರೀಕ್ಷಿತ ಅಡ್ಡಿ ಬಂದದ್ದು ಕಾಗದಪತ್ರದಲ್ಲಿ. ಅಮೆರಿಕದ ಕೋಸ್ಟ್ ಗಾರ್ಡ್‌ನ ನೌಕಾ ದಾಖಲೆ ಕೇಂದ್ರದಿಂದ ದೋಣಿಯ ಒಡೆತನದ ಇತಿಹಾಸ ಪತ್ರವನ್ನು ತರಿಸಿದಾಗ, ದೋಣಿ ಕೊಳ್ಳುವಾಗ ಇವರು ಮಾಡಿದ್ದ ಬ್ಯಾಂಕ್ ಸಾಲ ಇನ್ನೂ ಬಾಕಿಯಿದ್ದಂತೆ ಅದರಲ್ಲಿತ್ತು. ಸಾಲ ತೀರಿ ಎಷ್ಟೋ ವರ್ಷವಾಗಿತ್ತು, ಆದರೆ ತೀರಿತೆಂಬ ಪತ್ರವನ್ನು ಬ್ಯಾಂಕು ದಾಖಲು ಮಾಡಿಸಿರಲಿಲ್ಲ, ಆ ಬ್ಯಾಂಕು ಇನ್ನೊಂದರಲ್ಲಿ ವಿಲೀನವೂ ಆಗಿತ್ತು. ಅದನ್ನು ಸರಿಪಡಿಸಲು ಆರು ವಾರ ಹಿಡಿಯಿತು. ಗಿರಾಕಿ ಸಿಕ್ಕ ಮೇಲೆ ಇದು ಗೊತ್ತಾಗಿದ್ದರೆ ಋತುವೇ ಕೈತಪ್ಪುತ್ತಿತ್ತು. ಮಾರುವ ಯೋಚನೆ ಬಂದ ದಿನವೇ ಈ ಪತ್ರವನ್ನು ತರಿಸಬೇಕೆಂದು ನಾನು ಈಗ ಎಲ್ಲರಿಗೂ ಹೇಳುತ್ತೇನೆ.

ಆ ವಾರಗಳಲ್ಲಿ ದಂಪತಿ ದೋಣಿಯಿಂದ ತಮ್ಮ ಬದುಕನ್ನು ಹೊರಗೆ ಸಾಗಿಸಿದರು. ಪುಸ್ತಕ, ಬಟ್ಟೆ, ದ್ವೀಪಗಳಿಂದ ತಂದ ಮರದ ಕೆತ್ತನೆ ಎಲ್ಲ ಹೊರಬಂದ ಮೇಲೆ ಕಪಾಟುಗಳು ಕಪಾಟುಗಳಾಗಿ ಕಂಡವು. ತಳದ ನೀರು ನಿಲ್ಲುವ ಬಿಲ್ಜನ್ನು ಒಣಗಿಸಿ ಒರೆಸಿದರು. ದೋಣಿಯೊಂದಿಗೆ ಹೋಗುವ ಸಾಮಾನಿನ ಪಟ್ಟಿಯನ್ನೂ ಹೋಗದ ಸಾಮಾನಿನ ಪಟ್ಟಿಯನ್ನೂ ಬೇರೆ ಬೇರೆಯಾಗಿ ಬರೆದರು.

ಕೊಡುಗೆ ಮತ್ತು ತಪಾಸಣೆ

ಫೆಬ್ರವರಿ ಕೊನೆಯಲ್ಲಿ ಅಮೆರಿಕದ ವಾಯವ್ಯ ತೀರದ ದಂಪತಿಯೊಬ್ಬರು ಅಲ್ಲಿನ ದಲ್ಲಾಳಿಯ ಮೂಲಕ 90,000 ಎಂದರು, ಎರಡು ಸುತ್ತಿನ ಮಾತಿನಲ್ಲಿ 93,000ಕ್ಕೆ ಒಪ್ಪಂದವಾಯಿತು. ತಪಾಸಣೆ ಮತ್ತು ಸಮುದ್ರದಲ್ಲಿನ ಪರೀಕ್ಷೆ ತೃಪ್ತಿಕರವಾಗಿರಬೇಕೆಂಬುದು ಷರತ್ತು. ಶೇಕಡಾ 10ರ ಮುಂಗಡ, 9,300, ದಲ್ಲಾಳಿಯ ಟ್ರಸ್ಟ್ ಖಾತೆಗೆ ಬಂತು. ದೋಣಿ ಎತ್ತಿಸುವ ಮತ್ತು ಅದರ ಸ್ಥಿತಿಯನ್ನು ಪರೀಕ್ಷಿಸುವ ಸರ್ವೇಯರ್‌ನ ಖರ್ಚು ರೂಢಿಯಂತೆ ಕೊಳ್ಳುವವರದು. ಅವರು ಮಾರ್ಚ್ ಮಧ್ಯದಲ್ಲಿ ಬಂದಿಳಿದರು. ಆಕ್ಲೆಂಡಿನಿಂದ ಫಂಗಾರೆಗೆ ಹೋಗುವ ಮುಖ್ಯ ಹೆದ್ದಾರಿ ಬ್ರಿಂಡರ್ವಿನ್ ಗುಡ್ಡದಲ್ಲಿ ದುರಸ್ತಿಗೆಂದು ಆಗ ಮುಚ್ಚಿದ್ದರಿಂದ ಸುತ್ತುಬಳಸಿನ ದಾರಿಯಲ್ಲಿ ನಾನೇ ಅವರನ್ನು ಕರೆದೊಯ್ದೆ.

ದೋಣಿ ಎತ್ತುವ ಯಂತ್ರವಾದ ಟ್ರಾವೆಲ್ ಲಿಫ್ಟಿನ ಎರಡು ಅಗಲವಾದ ಪಟ್ಟಿಗಳಲ್ಲಿ ದೋಣಿ ನೀರಿನಿಂದ ಮೇಲೆದ್ದು ತೂಗಿತು. ಸರ್ವೇಯರ್ ಚಿಕ್ಕ ಸುತ್ತಿಗೆಯೊಂದರಿಂದ ಮೂತಿಯಿಂದ ಹಿಂಬದಿಯವರೆಗೆ ಒಡಲನ್ನು ಗೇಣು ಗೇಣಾಗಿ ತಟ್ಟುತ್ತ ನಡೆದರು. ಒಳಗೆ ಗಟ್ಟಿಯಾಗಿರುವಲ್ಲಿ ಸದ್ದು ಟಕ್ಕೆಂದು ಚುರುಕಾಗಿ ಬರುತ್ತದೆ, ಪದರ ಬಿಟ್ಟಿರುವಲ್ಲಿ ಮಂದವಾಗುತ್ತದೆ. ಚುಕ್ಕಾಣಿಯ ಅಲಗಿನ ಕೆಳತುದಿಯಲ್ಲಿ ಸದ್ದು ಬದಲಾದಾಗ ಅವರು ನಿಂತು, ಮತ್ತೆರಡು ಸಲ ತಟ್ಟಿ, ಹಳದಿ ಬಳಪದಿಂದ ಒಂದು ವೃತ್ತ ಎಳೆದು, ತೇವ ಅಳೆಯುವ ಮೀಟರನ್ನು ಅದರ ಮೇಲಿಟ್ಟರು. ಸ್ವಲ್ಪ ನೀರು ಸೇರಿತ್ತು, ಆ ವಯಸ್ಸಿನ ದೋಣಿಯಲ್ಲಿ ಅದು ಅಪರೂಪವಲ್ಲವೆಂದರು. ಒಳಗೆ, ಪುಸ್ತಕದ ಕಪಾಟಿನ ಹಿಂದಿನ ಹಲಗೆಯನ್ನು ಬಿಚ್ಚಿದಾಗ ಕೂವೆಯ ತಂತಿಗಳು ಒಡಲಿಗೆ ಸೇರುವ ಉಕ್ಕಿನ ಚೈನ್‌ಪ್ಲೇಟಿನ ಕೆಳಗೆ ತುಕ್ಕಿನ ಕಂದು ಗೆರೆ ಕಾಣಿಸಿತು. ಲೋಹವನ್ನು ಒರೆಸಿ, ಬಿರುಕು ತೋರಿಸುವ ಕೆಂಪು ಬಣ್ಣವನ್ನು ಹಚ್ಚಿ, ಒರೆಸಿ ಕಾದರು. ಬಿರುಕಿರಲಿಲ್ಲ. ಮೇಲಿನಿಂದ ಇಳಿದ ನೀರಿನ ಕಲೆ ಅದು, ಸುತ್ತಲಿನ ಅಂಟನ್ನು ತೆಗೆದು ಮತ್ತೆ ಮುಚ್ಚಬೇಕಿತ್ತು. ಎಂಜಿನ್ನಿನ ಬಳಿ ಬಂದಾಗ ಪತ್ನಿ ಒಂದು ದಪ್ಪ ನೋಟ್‌ಪುಸ್ತಕ ಕೊಟ್ಟರು. ಪ್ರತಿ ಎಣ್ಣೆ ಬದಲಾವಣೆ, ಪ್ರತಿ ಫಿಲ್ಟರು, ಎಂಜಿನ್ ಓಡಿದ ಗಂಟೆ, ಬಂದರಿನ ಹೆಸರು ಎಲ್ಲವೂ ಅವರ ಕೈಬರಹದಲ್ಲಿದ್ದವು. ಸರ್ವೇಯರ್ ಅದನ್ನು ನಿಂತೇ ಓದಿದರು, ಕೊಳ್ಳಬಂದ ದಂಪತಿಯೂ ಅವರ ಹೆಗಲ ಮೇಲಿಂದ ಓದಿದರು. ಆ ಪುಸ್ತಕ ಎಂಜಿನ್ನಿನ ಬಗ್ಗೆ ಎದ್ದಿರಬಹುದಾದ ಎಷ್ಟೋ ಪ್ರಶ್ನೆಗಳಿಗೆ ಮೊದಲೇ ಉತ್ತರ ಕೊಟ್ಟಿತು.

ಚುಕ್ಕಾಣಿ ಮತ್ತು ಚೈನ್‌ಪ್ಲೇಟಿನ ಕೆಲಸಕ್ಕೆಂದು 2,000 ಕಡಿಮೆ ಮಾಡಿ 91,000ಕ್ಕೆ ವ್ಯವಹಾರ ಗಟ್ಟಿಯಾಯಿತು. ರಿಗ್ಗಿಂಗಿನ ಮಾತು ಬರಲಿಲ್ಲ, ಅಂದಾಜು ಕೊಟ್ಟ ಅದೇ ರಿಗ್ಗರ್‌ಗೆ ಕೊಂಡವರು ಕೆಲಸ ಒಪ್ಪಿಸಿದರು. ಅಮೆರಿಕದ ನಮೂನೆಯ ಕ್ರಯಪತ್ರಕ್ಕೆ ಆಕ್ಲೆಂಡಿನಲ್ಲಿ ನೋಟರಿಯ ಮುಂದೆ ಸಹಿ ಬಿತ್ತು. ಬಾವುಟ ಅದೇ ಉಳಿದದ್ದರಿಂದ ನೋಂದಣಿ ರದ್ದುಪಡಿಸುವ ಕೆಲಸವಿರಲಿಲ್ಲ. ಕಸ್ಟಮ್ಸ್ ಒಪ್ಪಿಗೆ ಕ್ರಯಪತ್ರಕ್ಕಿಂತ ಮೊದಲೇ ಬಂದಿತ್ತು, ಈ ಕ್ರಮ ತಲೆಕೆಳಗಾಗಬಾರದು. ಏಪ್ರಿಲ್ ಕೊನೆಯ ವಾರ ಹಣ ಬಿಡುಗಡೆಯಾಯಿತು. 7,280 ದಲ್ಲಾಳಿ ಕಳೆದು 83,720, ಜನವರಿಯಿಂದ ನಾಲ್ಕು ತಿಂಗಳ ನಿಲುಗಡೆಯ 4,000 ಕಳೆದರೂ 79,700ಕ್ಕೆ ಮೇಲು.

ಇದೇ ಉತ್ತರ ಬೇರೆ ದೋಣಿಗೆ ಹೊಂದುವುದಿಲ್ಲ

ಈ ಪ್ರಕರಣವನ್ನು ಕೇಳಿ ಕಳೆದ ವರ್ಷ ಇಬ್ಬರು ಯಾನಿಗಳು ತಮಗೂ ವಿದೇಶಿ ಗಿರಾಕಿಯೇ ಸರಿಯೆಂದು ಹೊರಟಾಗ ನಾನು ತಡೆದೆ. ಅವರಲ್ಲಿ ಒಬ್ಬರದು ಸ್ವೀಡನ್ನಿನಲ್ಲಿ ಕಟ್ಟಿದ, 230 ವೋಲ್ಟಿನ, ರಿಗ್ಗಿಂಗ್ ಹೊಸದಾಗಿದ್ದ ದೋಣಿ. ಅದರ ಮೇಲಿರುವ ಯಾವುದೂ ಸ್ಥಳೀಯರಿಗೆ ಹೊರೆಯಲ್ಲ, ಆ ಬಗೆಯ ದೋಣಿಗಳಿಗೆ ಆಕ್ಲೆಂಡಿನಲ್ಲಿ ಕಾಯುವವರೇ ಇದ್ದಾರೆ. ಆಸ್ಟ್ರೇಲಿಯಾಕ್ಕೆ ಒಯ್ದರೆ ಅಮೆರಿಕದ ದೋಣಿಗೆ ಸಿಗುವ ಸುಂಕ ವಿನಾಯಿತಿ ಅದಕ್ಕೆ ಸಿಗುವುದಿಲ್ಲ, ಇಲ್ಲಿನ 15ಕ್ಕೂ ಅಲ್ಲಿನ 15.5ಕ್ಕೂ ವ್ಯತ್ಯಾಸವೇ ಇಲ್ಲದಿರುವಾಗ ಟಾಸ್ಮನ್ ದಾಟುವ ಪ್ರಯಾಸ ಏಕೆ? ಅವರು ಮೊದಲ ದಿನವೇ ಜಿಎಸ್‌ಟಿ ಸೇರಿದ ಬೆಲೆ ಬರೆದು ಸ್ಥಳೀಯ ದಲ್ಲಾಳಿಗೆ ಒಪ್ಪಿಸಿದರು. ಇನ್ನೊಬ್ಬರ ಪರವಾನಗಿಯ ಗಡುವು ಮೂರೇ ತಿಂಗಳಿತ್ತು, ವಿದೇಶಿ ಗಿರಾಕಿಯ ಋತು ಮುಗಿದಿತ್ತು. ಅವರಿಗೆ ಮೊದಲು ಬಂದ ಸ್ಥಳೀಯ ಕೊಡುಗೆಯನ್ನು ಬಿಡಿಸಿ ಲೆಕ್ಕ ಹಾಕಿ ತೋರಿಸಿದೆ, ಅವರು ಅದನ್ನೇ ಒಪ್ಪಿಕೊಂಡರು.